ಬಬ್ಬೂರಿನ ಬಯಲಿಗೊಂದು ವಿಮಾನದ ಪೆಟ್ಟಿಗೆ

ಗ್ಲೋ ಪ್ಲಗ್ ಕಿರುಬೆರಳ ತುದಿಯಷ್ಟಿರುವ ಸಾಮಾನು. ಅದು ಸುಟ್ಟುಹೋದರೆ ಮಾದರಿ ವಿಮಾನದ ಎಂಜಿನ್ ಸದ್ದೇ ಮಾಡುವುದಿಲ್ಲ. ಹಿರಿಯೂರಿನ ಪೇಟೆಯಲ್ಲಿ ಟ್ರ್ಯಾಕ್ಟರಿನ ಬಿಡಿಭಾಗ ಸಿಗುತ್ತದೆ, ಬೋರ್‌ವೆಲ್ ಮೋಟರಿಗೆ ಬೇಕಾದ್ದೆಲ್ಲ ಸಿಗುತ್ತದೆ, ಗ್ಲೋ ಪ್ಲಗ್ ಮಾತ್ರ ಕೇಳಬೇಡಿ. ಅದಕ್ಕೆ ಸುಮಾರು 160 ಕಿಲೋಮೀಟರ್ ದೂರದ ಬೆಂಗಳೂರೇ ಗತಿ, ಇಲ್ಲವೇ ಕೊರಿಯರ್ ಬರುವ ತನಕ ಕಾಯಬೇಕು. ಅಷ್ಟರಲ್ಲಿ ಭಾನುವಾರ ಮುಗಿದಿರುತ್ತದೆ. ಆದ್ದರಿಂದ ಬಬ್ಬೂರಿನಂಥ ಊರಲ್ಲಿ ರೇಡಿಯೊ ನಿಯಂತ್ರಿತ ವಿಮಾನ ಹಾರಿಸಬೇಕೆನ್ನುವವರು ಮೊದಲು ಮಾಡಿಕೊಳ್ಳಬೇಕಾದದ್ದು ವಿಮಾನವನ್ನಲ್ಲ, ಪೆಟ್ಟಿಗೆಯನ್ನು.

ಈ ಹವ್ಯಾಸದಲ್ಲಿರುವವರು ಅದನ್ನು ಫೀಲ್ಡ್ ಬಾಕ್ಸ್ ಎನ್ನುತ್ತಾರೆ. ಬಯಲಿಗೆ ಹೋಗುವಾಗ ಒಂದೇ ಕೈಯಲ್ಲಿ ಎತ್ತಿಕೊಳ್ಳಬಹುದಾದ ಮರದ ಪೆಟ್ಟಿಗೆ. ಇಂಧನ, ಬ್ಯಾಟರಿ, ಸ್ಟಾರ್ಟರ್, ಪಾನಾ, ಸ್ಕ್ರೂಡ್ರೈವರ್, ಬದಲಿ ಪ್ರೊಪೆಲ್ಲರ್, ಅಂಟು, ಗಾಯಕ್ಕೆ ಹಚ್ಚುವ ಮುಲಾಮು ಎಲ್ಲವೂ ಅದರೊಳಗೆ. ಮೇಲ್ಭಾಗದಲ್ಲಿ ವಿಮಾನವನ್ನು ಕೂರಿಸಿ ರಿಪೇರಿ ಮಾಡಲು ಎರಡು ಕವೆಗಳು. ಸಿದ್ಧ ಪೆಟ್ಟಿಗೆಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಅವುಗಳ ಅಳತೆ ಕಾರಿನ ಡಿಕ್ಕಿಗೆ ತಕ್ಕಂತಿದೆ, ಹುಲ್ಲುಹಾಸಿನ ಮೇಲೆ ಕುಳಿತು ಬಳಸುವುದಕ್ಕೆ ತಕ್ಕಂತಿದೆ. ನಮ್ಮದು ಮೊಪೆಡ್ಡು, ದೂಳು, ಜಾಲಿಮುಳ್ಳಿನ ಸೀಮೆ. ಪೆಟ್ಟಿಗೆ ಇಲ್ಲಿಯ ಅಳತೆಗೇ ಆಗಬೇಕು.

ಹಿರಿಯೂರಿನ ಮಗ್ಗುಲಲ್ಲೇ ಇರುವ ಬಬ್ಬೂರನ್ನು ಜಿಲ್ಲೆಯ ರೈತರು ಗುರುತಿಸುವುದು ಫಾರಂನಿಂದ. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ವಲಯ ಸಂಶೋಧನಾ ಕೇಂದ್ರ ಇರುವುದು ಬಬ್ಬೂರು ಫಾರಂನಲ್ಲಿ. ವಾಣಿ ವಿಲಾಸ ಸಾಗರದ ನಾಲೆ ತಲುಪಿದ ಕಡೆ ತೆಂಗು, ಅಡಿಕೆ ತೋಟ. ತಲುಪದ ಕಡೆ ಮಳೆ ನಂಬಿದ ಹೊಲ, ಬೀಳು, ಅಂಚಿನಲ್ಲಿ ಬಳ್ಳಾರಿ ಜಾಲಿ. ಶೇಂಗಾ ಕಿತ್ತ ಮೇಲೆ ಈ ಬಯಲು ಚಳಿಗಾಲದುದ್ದಕ್ಕೂ ಖಾಲಿ ಬಿದ್ದಿರುತ್ತದೆ. ಹೊಲದ ಯಜಮಾನರನ್ನು ಒಂದು ಮಾತು ಕೇಳಿದರೆ ಹಾರಿಸಲು ಇದಕ್ಕಿಂತ ಒಳ್ಳೆ ಜಾಗ ಬೇಕಿಲ್ಲ. ನಾವು ಕೆಲವರು ಹೀಗೆ ಕೇಳಿಕೊಂಡೇ ಹಾರಿಸುತ್ತ ಬಂದಿದ್ದೇವೆ.

ಈ ಜಿಲ್ಲೆಗೂ ಪೈಲಟ್ ಇಲ್ಲದ ವಿಮಾನಕ್ಕೂ ಇರುವ ನಂಟು ಸಣ್ಣದಲ್ಲ. ಚಳ್ಳಕೆರೆ ತಾಲ್ಲೂಕಿನ ಹುಲ್ಲುಗಾವಲಿನಲ್ಲಿ ಡಿಆರ್‌ಡಿಒ ಕಟ್ಟಿದ ವೈಮಾನಿಕ ಪರೀಕ್ಷಾ ವಲಯ 2017ರ ಮೇ 28ರಂದು ಉದ್ಘಾಟನೆಯಾಯಿತು. ಅದಕ್ಕೂ ಮೊದಲೇ, 2016ರ ನವೆಂಬರಿನಲ್ಲಿ, ತಪಸ್ ಎಂದು ಹೆಸರಾದ ರುಸ್ತುಂ-2 ಅಲ್ಲಿಂದ ಮೊದಲ ಸಲ ಹಾರಿತ್ತು. ರುಸ್ತುಂ ಎಂಬ ಹೆಸರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದ, ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನಲ್ಲಿ ಹಗುರ ವಿಮಾನದ ಕೆಲಸ ಮುನ್ನಡೆಸಿದ ರುಸ್ತುಂ ದಮಾನಿಯಾ ಅವರದು. 2022ರ ಜುಲೈ 1ರಂದು ಬಾಲವೇ ಇಲ್ಲದ, ಬರೀ ರೆಕ್ಕೆಯಂತಿರುವ ವಿಮಾನವೊಂದು ತಾನಾಗಿಯೇ ಏರಿ, ತಾನಾಗಿಯೇ ಇಳಿದದ್ದೂ ಇದೇ ನೆಲದಲ್ಲಿ. ಇಸ್ರೊದ ಮರುಬಳಕೆ ಉಡಾವಣಾ ವಾಹನದ ಮಾದರಿ ಪುಷ್ಪಕ್ 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23ರಂದು ಮೂರು ಸಲವೂ ಇಲ್ಲಿಯ ರನ್‌ವೇಯನ್ನೇ ಮುಟ್ಟಿತು. ಚಿನೂಕ್ ಹೆಲಿಕಾಪ್ಟರ್ ಅದನ್ನು ಸುಮಾರು 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು, ಗಂಟೆಗೆ 320 ಕಿ.ಮೀ.ಗೂ ಮೀರಿದ ವೇಗದಲ್ಲಿ ಅದು ನೆಲಕ್ಕಿಳಿಯಿತು. ಎಂಜಿನ್ ಬಲವಿಲ್ಲದ ವಿಮಾನಕ್ಕೆ ಇಳಿಯಲು ಸಿಗುವುದು ಒಂದೇ ಅವಕಾಶ. ತಪ್ಪಿದರೆ ಇನ್ನೊಂದು ಸುತ್ತು ಹೊಡೆದು ಬರುವಂತಿಲ್ಲ. ಎಂಜಿನ್ ನಿಂತುಹೋದ ನಮ್ಮ ಪುಟ್ಟ ವಿಮಾನವೂ ಅದೇ ನಿಯಮಕ್ಕೆ ಒಳಪಟ್ಟದ್ದು.

ಬೀಳುವುದೂ ಇದೆ. 2023ರ ಆಗಸ್ಟ್ 20ರಂದು ತಪಸ್ ವಿಮಾನವೊಂದು ನಮ್ಮ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿಯ ಹೊಲದಲ್ಲಿ ಬಿತ್ತು. ಸುತ್ತಲ ಹಳ್ಳಿಯವರು ನೋಡಲು ಮುಗಿಬಿದ್ದರು. ದೇಶದ ದೊಡ್ಡ ಸಂಸ್ಥೆಗಳೇ ಪರೀಕ್ಷೆ ಮಾಡಿ, ಬೀಳಿಸಿಕೊಂಡು, ಕಾರಣ ಹುಡುಕಿ, ತಿದ್ದಿ ಮತ್ತೆ ಹಾರಿಸುವ ಕೆಲಸ ಇದು. ಪತ್ರಿಕೆಯಲ್ಲಿ ಬರುವ ಚಿತ್ರದಲ್ಲಿ ವಿಮಾನ ಮಾತ್ರ ಇರುತ್ತದೆ. ಅದರ ಹಿಂದೆ ನೆಲದ ಮೇಲೆ ನಿಂತ ಗಾಡಿಗಳು, ಬ್ಯಾಟರಿಗಳು, ತಪಾಸಣೆಯ ಪಟ್ಟಿ ಹಿಡಿದ ತಂತ್ರಜ್ಞರು ಕಾಣುವುದಿಲ್ಲ. ಹಾರಾಟದ ಮುಕ್ಕಾಲು ಪಾಲು ನಡೆಯುವುದು ನೆಲದ ಮೇಲೆ. ಹವ್ಯಾಸಿಯ ಪಾಲಿಗೆ ಆ ಮುಕ್ಕಾಲು ಪಾಲೆಲ್ಲ ಪೆಟ್ಟಿಗೆಯೊಳಗೆ ಇದೆ.

ಅಳತೆ ಹಿಡಿಯುವುದು

ನಮ್ಮ ಪೆಟ್ಟಿಗೆಯ ಅಳತೆ ಹುಟ್ಟಿದ್ದು ಟಿವಿಎಸ್ ಎಕ್ಸ್‌ಎಲ್‌ನ ಕಾಲಿಡುವ ಜಾಗದಿಂದ. ಗೊಬ್ಬರದ ಚೀಲ, ಹಾಲಿನ ಕ್ಯಾನು ಹೊರುವ ಆ ಮೊಪೆಡ್ಡೇ ಇಲ್ಲಿ ಹೊಲಕ್ಕೆ ಹೋಗುವ ವಾಹನ. ಬಡಗಿಯ ಹತ್ತಿರ ಹೋಗುವ ಮುಂಚೆ ಹಳೆಯ ರಟ್ಟಿನಲ್ಲಿ ಪೆಟ್ಟಿಗೆ ಕತ್ತರಿಸಿ, ಗಾಡಿಯ ಮೇಲಿಟ್ಟು, ಹ್ಯಾಂಡಲ್ ತಿರುಗಿಸಿ ನೋಡಿದೆವು. ಮೊಣಕಾಲಿಗೆ ತಾಗುವ ಕಡೆ ಕತ್ತರಿಸಿದೆವು. ಕೊನೆಗೆ ನಿಂತದ್ದು 16 ಇಂಚು ಉದ್ದ, 9 ಇಂಚು ಅಗಲ, 11 ಇಂಚು ಎತ್ತರ. ಇದು ಎಲ್ಲರಿಗೂ ಹೊಂದುವ ಅಳತೆ ಎಂದು ಹೇಳುತ್ತಿಲ್ಲ. ನಿಮ್ಮ ಗಾಡಿ ಯಾವುದೋ ಅದರ ಮೇಲೆ ರಟ್ಟು ಇಟ್ಟು ನೋಡಿ, ಆಮೇಲೆ ಪ್ಲೈವುಡ್ಡಿಗೆ ಗರಗಸ ಹಾಕಿ.

ತಳಕ್ಕೆ 12 ಮಿ.ಮೀ., ಗೋಡೆಗಳಿಗೆ 6 ಮಿ.ಮೀ. ಪ್ಲೈವುಡ್ ಸಾಕು. ಅಂಗಡಿಯವರು ಕಡಿಮೆ ಬೆಲೆಗೆ ಕೊಡುವ ಸಾಧಾರಣ ಪ್ಲೈವುಡ್ ಇಂಧನ ಚೆಲ್ಲಿದ ಕಡೆ ಪದರ ಬಿಚ್ಚಿಕೊಳ್ಳುತ್ತದೆ. ಐಎಸ್ 710 ಗುರುತಿರುವ ಮರೀನ್ ಪ್ಲೈವುಡ್ಡಿಗೆ ದುಡ್ಡು ಹೆಚ್ಚು. ಆದರೆ ಇದು ಒಮ್ಮೆ ಮಾಡಿ ವರ್ಷಗಟ್ಟಲೆ ಬಳಸುವ ಸಾಮಾನು, ಇಲ್ಲಿ ಜಿಪುಣತನ ಬೇಡ. ಬರೀ ಮೊಳೆಯನ್ನು ನಂಬಬಾರದು. ಮೊಪೆಡ್ಡಿನ ಅದುರಾಟಕ್ಕೆ ಮೊಳೆ ಸಡಿಲವಾಗುತ್ತದೆ. ಮೂಲೆಗಳಿಗೆ ಒಳಗಿನಿಂದ ಮುಕ್ಕಾಲು ಇಂಚಿನ ರೀಪು ಕೊಟ್ಟು, ಅಂಟು ಹಾಕಿ, ಸ್ಕ್ರೂ ಬಿಗಿದರೆ ಅಲುಗುವುದಿಲ್ಲ. ಹಿಡಿಕೆಗೆ ಅಂಗಡಿಯಿಂದ ಏನನ್ನೂ ತರಲಿಲ್ಲ. ಗುದ್ದಲಿಯ ಹಳೆಯ ಕಾವನ್ನು ಅಳತೆಗೆ ಕುಯ್ದು, ಉಜ್ಜುಗೊರಡು ಆಡಿಸಿ, ಎರಡು ತುದಿಯ ಹಲಗೆಗಳ ನಡುವೆ ಸೇರಿಸಿದೆವು. ವರ್ಷಗಟ್ಟಲೆ ಅಂಗೈ ಸವೆಸಿದ ಮರಕ್ಕಿಂತ ನುಣುಪಾದ ಹಿಡಿಕೆ ಯಾವ ಕಾರ್ಖಾನೆಯಲ್ಲೂ ಆಗದು.

ವಿಮಾನಕ್ಕಿರುವ ಹಾಗೆ ಪೆಟ್ಟಿಗೆಗೂ ಗುರುತ್ವ ಕೇಂದ್ರ ಇದೆ. 12 ವೋಲ್ಟಿನ, 7 ಆಂಪಿಯರ್-ಅವರ್ ಸೀಸದ ಬ್ಯಾಟರಿ ಎರಡು ಕಿಲೋ ದಾಟುತ್ತದೆ. ಒಂದು ಲೀಟರ್ ಇಂಧನ, ಸ್ಟಾರ್ಟರ್ ಮೋಟರ್, ಮರದ ತೂಕ ಎಲ್ಲ ಸೇರಿದರೆ ತುಂಬಿದ ಪೆಟ್ಟಿಗೆ ಎಂಟು ಒಂಬತ್ತು ಕಿಲೋ ಆಗುತ್ತದೆ. ಬ್ಯಾಟರಿಯನ್ನು ಒಂದು ಮೂಲೆಗೆ ತಳ್ಳಿದರೆ ಹೊಲದ ಬದು ದಾಟುವಾಗ ಪೆಟ್ಟಿಗೆ ಕಾಲಿಗೆ ಬಡಿಯುತ್ತಲೇ ಇರುತ್ತದೆ. ಅದು ತಳದಲ್ಲಿ, ಹಿಡಿಕೆಯ ನೇರ ಕೆಳಗೇ ಕೂರಬೇಕು. ಇಂಧನದ ಬಾಟಲಿ ಒಂದು ತುದಿಗೆ, ವಿದ್ಯುತ್ ಪ್ಯಾನೆಲ್ಲು ಇನ್ನೊಂದು ತುದಿಗೆ, ನಡುವೆ ಸಂದಿಲ್ಲದ ಹಲಗೆಯ ಅಡ್ಡಗೋಡೆ. ಪ್ಯಾನೆಲ್ಲಿನ ತಂತಿಗೆ ಫ್ಯೂಸು ಇರಲೇಬೇಕು. ಚಾರ್ಜ್ ಆಗುವಾಗ ಸೀಸದ ಬ್ಯಾಟರಿಯಿಂದ ಜಲಜನಕ ಹೊರಬರಬಹುದು. ಆದ್ದರಿಂದ ಅದರ ಗೂಡಿನ ಎರಡು ಬದಿಗೆ ರಂಧ್ರ ಕೊರೆದು ಗಾಳಿ ಆಡುವಂತೆ ಮಾಡಬೇಕು, ರಂಧ್ರಕ್ಕೆ ಸಣ್ಣ ಜಾಲರಿ ಹೊಡೆದು ದೂಳು ತಡೆಯಬೇಕು.

ದೂಳಿನ ವಿಷಯಕ್ಕೆ ಇನ್ನೊಂದು ಮಾತು. ಇಲ್ಲಿಯ ಎರೆಮಣ್ಣಿನ ದೂಳು ಹಿಟ್ಟಿನಷ್ಟು ನಯ. ರೆಕ್ಕೆ, ಬಾಲಗಳ ಪಟ್ಟಿಯನ್ನು ಆಡಿಸುವ ಸರ್ವೋ ಮೋಟರಿನೊಳಗೆ ಹೋದರೆ ಅದರ ಗೇರು ಕಿರುಗುಟ್ಟತೊಡಗುತ್ತದೆ. ಎಂಜಿನ್ನಿನ ಬಾಯಿಗೆ ಹೋದರೆ ಸಿಲಿಂಡರನ್ನೇ ಗೀರುತ್ತದೆ. ಪೆಟ್ಟಿಗೆಯ ಮುಚ್ಚಳದ ಸುತ್ತ ಫೋಮ್ ಪಟ್ಟಿ ಅಂಟಿಸಿ, ಇಂಧನದ ಕೊಳವೆಯ ತುದಿಗೆ ಬಿರಡೆ ಹಾಕಿದರೆ ಅರ್ಧ ತೊಂದರೆ ತಪ್ಪುತ್ತದೆ. ಬಾಟಲಿಗೂ ಎಂಜಿನ್ನಿಗೂ ನಡುವೆ ಒಂದು ಫಿಲ್ಟರು ಇರಲಿ.

ಮೇಲಿನ ಕವೆಗಳಿಗೆ ಸವೆದ ಹವಾಯಿ ಚಪ್ಪಲಿಯ ರಬ್ಬರನ್ನು ಕುಯ್ದು ಅಂಟಿಸಿದೆವು. ವಿಮಾನದ ಒಡಲಿಗೆ ಗೀರು ಬೀಳುವುದಿಲ್ಲ, ಎಂಜಿನ್ನಿನ ಎಣ್ಣೆಗೂ ಅದು ಬೇಗ ಹಾಳಾಗುವುದಿಲ್ಲ. ಪೆಟ್ಟಿಗೆಯ ಅಗಲದ ಎರಡು ಅಂಚಿನಲ್ಲಿ ತೂತು ಕೊರೆದು, ಎಂಟು ಇಂಚಿನ ಎರಡು ಕಡ್ಡಿ ನಿಲ್ಲಿಸುವ ಏರ್ಪಾಟೂ ಇದೆ. ಕಡ್ಡಿಯ ತುದಿಗೆ ಪೆನ್ಸಿಲ್ಲಿನ ರಬ್ಬರು. ಇಂಧನದ ಟ್ಯಾಂಕ್ ಖಾಲಿ ಇರುವಾಗ ರೆಕ್ಕೆಯ ಅಡಿಭಾಗವನ್ನು ಈ ಎರಡು ಕಡ್ಡಿಯ ಮೇಲಿಟ್ಟರೆ ವಿಮಾನದ ಒಡಲು ನಡುವೆ ತೂಗುತ್ತದೆ. ಕಲಿಯುವವರ ವಿಮಾನದಲ್ಲಿ ಗುರುತ್ವ ಕೇಂದ್ರ ರೆಕ್ಕೆಯ ಮುಂದಂಚಿನಿಂದ ಅದರ ಅಗಲದ ಕಾಲು ಭಾಗ ಮತ್ತು ಮೂರನೇ ಒಂದು ಭಾಗದ ನಡುವೆ ಇರಬೇಕು. ಮೂಗು ತುಸು ಕೆಳಗೆ ಬಾಗಿದರೆ ಚಿಂತೆಯಿಲ್ಲ. ಬಾಲ ಬಾಗಿದರೆ ಆ ವಿಮಾನ ಹಾರಿಸಬೇಡಿ. ಬಾಲಭಾರದ ವಿಮಾನ ಹಾರಿಸುವವನ ಕೈ ಮಾತು ಕೇಳುವುದಿಲ್ಲ.

ಹರಳೆಣ್ಣೆಯ ನಾಡಿನ ಇಂಧನ

ಈಗಿನ ಬಹುಪಾಲು ವಿಮಾನಗಳು ಬ್ಯಾಟರಿಯವು. ಆದರೂ ಗ್ಲೋ ಎಂಜಿನ್ನಿನ ಬಗ್ಗೆ ಬರೆಯದೆ ಬಬ್ಬೂರಿನಿಂದ ಈ ಲೇಖನ ಬರೆಯಲಾಗದು. ಕಾರಣ ಹರಳು.

ಗ್ಲೋ ಇಂಧನ ಎಂದರೆ ಮೆಥನಾಲ್, ಎಣ್ಣೆ, ಬೇಕಿದ್ದರೆ ಸ್ವಲ್ಪ ನೈಟ್ರೊಮೀಥೇನ್. ಇದರ ಹಳೆಯ ಸರಳ ಮಿಶ್ರಣದಲ್ಲಿ ನೂರರಲ್ಲಿ ಎಂಬತ್ತು ಪಾಲು ಮೆಥನಾಲ್, ಇಪ್ಪತ್ತು ಪಾಲು ಹರಳೆಣ್ಣೆ. ಅಮೆರಿಕದ ರೇ ಆರ್ಡನ್ 1947ರಲ್ಲಿ ತಂದ ಗ್ಲೋ ಪ್ಲಗ್‌ಗೆ ಸ್ಪಾರ್ಕ್ ಬೇಡ. ಪ್ಲಗ್ಗಿನೊಳಗಿನ ಪ್ಲಾಟಿನಂ ಸುರುಳಿಯನ್ನು ಒಂದೂವರೆ ವೋಲ್ಟಿನಲ್ಲಿ ಕೆಂಪಗೆ ಕಾಯಿಸಿ ಎಂಜಿನ್ ಚಾಲೂ ಮಾಡಿದರೆ ಸಾಕು. ಆಮೇಲೆ ಬ್ಯಾಟರಿ ಕಿತ್ತರೂ ಮೆಥನಾಲಿನ ಆವಿ ಪ್ಲಾಟಿನಮ್ಮಿಗೆ ತಾಗುತ್ತಲೇ ಸುರುಳಿ ಕೆಂಪಗೇ ಉಳಿಯುತ್ತದೆ. ಅವಸರದಲ್ಲಿ 12 ವೋಲ್ಟಿನ ತಂತಿಯನ್ನು ನೇರವಾಗಿ ಪ್ಲಗ್ಗಿಗೆ ಹಚ್ಚಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ವೋಲ್ಟು ಇಳಿಸಿ ಕೊಡುವ ಪ್ಯಾನೆಲ್ಲು ಪೆಟ್ಟಿಗೆಯಲ್ಲಿ ಇರಬೇಕಾದದ್ದು ಇದಕ್ಕೇ.

ಹರಳೆಣ್ಣೆಯ ವಿಶೇಷ ಏನೆಂದರೆ ಅದು ಪೆಟ್ರೋಲಿಗೆ ಸರಿಯಾಗಿ ಬೆರೆಯುವುದಿಲ್ಲ, ಮೆಥನಾಲಿಗೆ ಚೆನ್ನಾಗಿ ಬೆರೆಯುತ್ತದೆ. ವಿಪರೀತ ಕಾವಿನಲ್ಲೂ ಲೋಹದ ಮೇಲೆ ಪೊರೆಯಾಗಿ ಅಂಟಿಕೊಳ್ಳುತ್ತದೆ. ಇಂಧನ ಕಡಿಮೆಯಾಗಿ ಎಂಜಿನ್ ಸುಡುವಂತಾದಾಗ ಅದನ್ನು ಕಾಪಾಡುವುದು ಈ ಪೊರೆಯೇ. ಮೊದಲ ಮಹಾಯುದ್ಧದ ವಿಮಾನಗಳ ಸುತ್ತುವ ಎಂಜಿನ್ನುಗಳಿಗೂ ಹರಳೆಣ್ಣೆಯನ್ನೇ ಹಾಕುತ್ತಿದ್ದರು. ಪೈಲಟ್ಟುಗಳ ಮುಖ, ಬಟ್ಟೆಯೆಲ್ಲ ಅದರ ಹೊಗೆಯಲ್ಲಿ ತೊಯ್ಯುತ್ತಿತ್ತು. ಜಗತ್ತಿನಲ್ಲಿ ಅತಿ ಹೆಚ್ಚು ಹರಳು ಬೆಳೆಯುವ ದೇಶ ನಮ್ಮದು, ಅದರಲ್ಲಿ ಗುಜರಾತಿನದೇ ಸಿಂಹಪಾಲು. ಚಿತ್ರದುರ್ಗದ ಒಣಭೂಮಿಗೂ ಅದು ಹೊಸ ಬೆಳೆಯಲ್ಲ. ಶೇಂಗಾ ಹೊಲದ ಬದುವಿನಲ್ಲಿ ಹರಳಿನ ಸಾಲು ಇಡುವುದು ನಮ್ಮ ಹಿರಿಯರ ರೂಢಿ. ಬಬ್ಬೂರು ಫಾರಂನಲ್ಲಿ ಹರಳಿನ ಮೇಲೆ ಸಂಶೋಧನೆಯೂ ನಡೆದಿದೆ. ಪಕ್ಕದ ಚಳ್ಳಕೆರೆಯಂತೂ ಎಣ್ಣೆ ಗಿರಣಿಗಳಿಂದಲೇ ಹೆಸರಾದ ಊರು. ನಮ್ಮ ಬಯಲ ಮೇಲೆ ಎಂಜಿನ್ ಹೊಗೆ ಬಿಟ್ಟಾಗ ಬರುವ ವಾಸನೆ ಇಲ್ಲಿಯ ಅಜ್ಜಿಯರಿಗೆ ಅಪರಿಚಿತವಲ್ಲ.

ಆದರೆ ಮನೆಯಲ್ಲಿ ತೆಗೆದ ಹರಳೆಣ್ಣೆಯನ್ನು ಎಂಜಿನ್ನಿಗೆ ಹಾಕಬಾರದು. ಹರಳನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ ತೆಗೆದ ಎಣ್ಣೆ ತಲೆಗೆ, ಹೊಟ್ಟೆಗೆ ಒಳ್ಳೆಯದು. ಅದರಲ್ಲಿ ಉಳಿದ ನೀರು ಮತ್ತು ಗೋಂದಿನ ಅಂಶ ಎಂಜಿನ್ನಿನ ಸಣ್ಣ ಸಂದುಗಳನ್ನು ಕಟ್ಟುತ್ತದೆ. ಗೋಂದು ತೆಗೆದು ಶುದ್ಧಿ ಮಾಡಿದ ಎಣ್ಣೆಯೇ ಬೇಕು. ಇಂಧನವನ್ನು ಮನೆಯಲ್ಲಿ ಬೆರೆಸುವ ಸಾಹಸವನ್ನೂ ನಾನು ಒಪ್ಪುವುದಿಲ್ಲ. ಮೆಥನಾಲ್ ವಿಷ. ಕಳ್ಳಭಟ್ಟಿಯಲ್ಲಿ ಸೇರಿ ಜನರ ಕಣ್ಣು, ಜೀವ ತೆಗೆದ ವಸ್ತು ಅದೇ. ಚರ್ಮದ ಮೂಲಕವೂ ಮೈ ಸೇರುತ್ತದೆ. ಅದರ ಉರಿ ಹಗಲಿನ ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಬಿಸಿ ತಾಗಿದ ಮೇಲೆಯೇ ಗೊತ್ತಾಗುವುದು. ಸಿದ್ಧ ಇಂಧನ ತರಿಸಿ, ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ. ನೀರಿನ ಬಾಟಲಿಯಲ್ಲಿ ಯಾವ ಕಾರಣಕ್ಕೂ ತುಂಬಿಡಬೇಡಿ. ಮೆಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಮುಚ್ಚಳ ಸದಾ ಬಿಗಿಯಾಗಿರಲಿ.

ಇಂಧನದ ಗೂಡಿನ ಒಳಗೋಡೆಗೆ ಬಳಿಯುವ ಬಣ್ಣದಲ್ಲೂ ಜಾಗ್ರತೆ ಬೇಕು. ಬಾಗಿಲಿಗೆ ಹೊಡೆಯುವ ಎನಾಮಲ್ ಬಣ್ಣ ಗ್ಲೋ ಇಂಧನ ಬಿದ್ದರೆ ಮೆತ್ತಗಾಗಿ ಏಳುತ್ತದೆ. ಎರಡು ಡಬ್ಬಿಯದನ್ನು ಬೆರೆಸಿ ಹಚ್ಚುವ ಎಪಾಕ್ಸಿ ಅಥವಾ ಪಾಲಿಯುರೆಥೇನ್ ತಡೆಯುತ್ತದೆ. ಎರಡು ಕೋಟು ಹೊಡೆದು, ಪೂರ್ತಿ ಒಣಗಿದ ಮೇಲೆಯೇ ಬಾಟಲಿ ಇಡಬೇಕು.

ಇಂಧನದ ಲೆಕ್ಕ ಎಷ್ಟು ನಾಜೂಕೆಂಬುದಕ್ಕೆ ಮೇನಾರ್ಡ್ ಹಿಲ್ ಅವರ ಕತೆ ಹೇಳಬೇಕು. ಕಣ್ಣು ಬಹುತೇಕ ಮಂಜಾಗಿದ್ದ ಈ ಅಮೆರಿಕನ್ ಹಿರಿಯರು ತಮ್ಮ ತಂಡದೊಂದಿಗೆ ಬಾಲ್ಸಾ ಮರದಲ್ಲಿ ಮಾಡಿದ ಮಾದರಿ ವಿಮಾನ 2003ರ ಆಗಸ್ಟ್‌ನಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಿಂದ ಹೊರಟು ಅಟ್ಲಾಂಟಿಕ್ ಸಾಗರ ದಾಟಿ ಐರ್ಲೆಂಡಿನಲ್ಲಿ ಇಳಿಯಿತು. ಸುಮಾರು 3,030 ಕಿ.ಮೀ., ಹತ್ತಿರ ಹತ್ತಿರ 39 ಗಂಟೆ. ಇಂಧನ ತುಂಬಿದ ವಿಮಾನದ ತೂಕ ಐದು ಕಿಲೋ ಮೀರುವಂತಿರಲಿಲ್ಲ, ಮಾದರಿ ವಿಮಾನಗಳ ಅಂತರರಾಷ್ಟ್ರೀಯ ನಿಯಮ ಹಾಗಿದೆ. ಇಳಿದಾಗ ಟ್ಯಾಂಕಿನಲ್ಲಿ ಉಳಿದದ್ದು ಅತ್ಯಲ್ಪ. ಮಧ್ಯದಾರಿಯಲ್ಲಿ ವಿಮಾನವನ್ನು ನಡೆಸಿದ್ದು ಉಪಗ್ರಹದ ಸಂಕೇತದಿಂದ ದಾರಿ ಕಂಡುಕೊಳ್ಳುವ ಆಟೊಪೈಲಟ್. ಏರಿಸಿದ್ದು, ಇಳಿಸಿದ್ದು ನೆಲದ ಮೇಲೆ ರೇಡಿಯೊ ಹಿಡಿದ ಮನುಷ್ಯರು. ಅದಕ್ಕೂ ಬಹಳ ಹಿಂದೆ, 1937ರಲ್ಲಿ, ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸೋದರರು ಮಿಷಿಗನ್ ರಾಜ್ಯದ ಕಲಮಝೂನಲ್ಲಿ ರೇಡಿಯೊ ನಿಯಂತ್ರಿತ ಮಾದರಿ ವಿಮಾನ ಹಾರಿಸಿದ್ದರು. ಈ ಹವ್ಯಾಸದ ಆದಿಪುರುಷರ ಸಾಲಿನಲ್ಲಿ ಅವರ ಹೆಸರಿದೆ. ಅವರ ಆ ವಿಮಾನ ಈಗ ಸ್ಮಿತ್ಸೋನಿಯನ್ ಸಂಗ್ರಹಾಲಯದ ಆಸ್ತಿ.

ಬ್ಯಾಟರಿಯ ಕಾಲ

ಹೊಸಬರು ಬ್ಯಾಟರಿ ವಿಮಾನದಿಂದಲೇ ಶುರು ಮಾಡುವುದು ಒಳ್ಳೆಯದು. ಫಲಕ ಬರೆಯುವವರ ಅಂಗಡಿಯಲ್ಲಿ ಸಿಗುವ ಸನ್‌ಪ್ಯಾಕ್ ಹಾಳೆ, ಥರ್ಮೊಕೋಲಿನಲ್ಲೇ ಹಾರುವ ವಿಮಾನ ಮಾಡಬಹುದು. ಮುರಿದರೆ ಟೇಪು ಸುತ್ತಿ ಮತ್ತೆ ಹಾರಿಸಬಹುದು. ಇದಕ್ಕೆ ಪೆಟ್ಟಿಗೆಯೊಳಗಿನ ಲೆಕ್ಕ ಬೇರೆ.

ಸಾಮಾನ್ಯವಾಗಿ ಬಳಸುವ ಮೂರು ಸೆಲ್ಲಿನ, 11.1 ವೋಲ್ಟಿನ, 2200 ಮಿಲಿಆಂಪಿಯರ್-ಅವರ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯಲ್ಲಿ ಹಿಡಿಯುವ ಶಕ್ತಿ ಸುಮಾರು 24 ವ್ಯಾಟ್-ಅವರ್. ಪೆಟ್ಟಿಗೆಯ ಸೀಸದ ಬ್ಯಾಟರಿಯಲ್ಲಿ ಕಾಗದದ ಲೆಕ್ಕಕ್ಕೆ 84 ಇದೆ. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಕುಗ್ಗುತ್ತದೆ. ಚಾರ್ಜರ್ ಕೂಡ ಒಂದಿಷ್ಟು ತಿನ್ನುತ್ತದೆ. ಹಾಗಾಗಿ ಬಯಲಲ್ಲಿ ಒಂದೂವರೆ ಚಾರ್ಜ್ ಸಿಕ್ಕರೆ ಅದೇ ಹೆಚ್ಚು. ಬೆಳಗಿನ ಹೊತ್ತೆಲ್ಲ ಹಾರಿಸಬೇಕೆಂದರೆ ಮನೆಯಲ್ಲೇ ನಾಲ್ಕು ಪ್ಯಾಕು ಚಾರ್ಜ್ ಮಾಡಿಕೊಂಡು ಹೋಗುವುದೇ ಸರಿ. ರಾತ್ರಿ ಕರೆಂಟು ಕೈಕೊಡುವ ಊರಿನವರು ಇದನ್ನು ಶನಿವಾರ ಸಂಜೆಗೇ ಮುಗಿಸಿಕೊಳ್ಳಬೇಕು.

ಲಿಪೊ ಸೆಲ್ 4.2 ವೋಲ್ಟಿಗೆ ತುಂಬುತ್ತದೆ. 3.3ಕ್ಕಿಂತ ಕೆಳಗೆ ಹೋಗಲು ಬಿಡಬಾರದು. ವಾರಗಟ್ಟಲೆ ಎತ್ತಿಡುವಾಗ 3.8ರಲ್ಲಿ ನಿಲ್ಲಿಸಬೇಕು. ಊದಿಕೊಂಡ, ನೆಗ್ಗಿದ ಪ್ಯಾಕನ್ನು ಚಾರ್ಜಿಗೆ ಹಾಕಲೇಬಾರದು. ಚಾರ್ಜ್ ಮಾಡುವಾಗ ನಾವು ಪ್ಯಾಕನ್ನು ಇಡುವುದು ಮಣ್ಣಿನ ಕುಂಡದಲ್ಲಿ, ಪಕ್ಕದಲ್ಲಿ ಒಂದು ಚೀಲ ಒಣ ಮರಳು. ಲಿಪೊ ಹೊತ್ತಿಕೊಂಡರೆ ಮರಳು ಸುರಿಯಬೇಕು. ಮೆಥನಾಲ್ ಹೊತ್ತಿಕೊಂಡರೆ ನೀರು ಆಗುತ್ತದೆ, ಎರಡೂ ಬೆರೆಯುವುದರಿಂದ ಉರಿ ತಗ್ಗುತ್ತದೆ. ಪೆಟ್ಟಿಗೆಯ ಜತೆಗೆ ಮರಳಿನ ಚೀಲವೂ ನೀರಿನ ಕ್ಯಾನೂ ಹೊರಡಬೇಕಾದದ್ದು ಅದಕ್ಕೇ. ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಪೆಟ್ಟಿಗೆಯ ಒಳಗೆ ಲಿಪೊ ಬಿಟ್ಟು ಊಟಕ್ಕೆ ಹೋಗಬೇಡಿ.

ಪಾನಾ, ಅಲೆನ್ ಕೀಗಳ ಪಟ್ಟಿ ಎಲ್ಲ ಕಡೆ ಒಂದೇ, ಅದನ್ನು ಇಲ್ಲಿ ಬೆಳೆಸುವುದಿಲ್ಲ. ನಮ್ಮ ಪೆಟ್ಟಿಗೆಯಲ್ಲಿ ಮಾತ್ರ ಕಾಣುವ ಎರಡು ವಸ್ತು ಇವೆ. ಒಂದು, ಮುಳ್ಳು ಕೀಳುವ ಕಬ್ಬಿಣದ ಚಿಮಟ. ಬಳ್ಳಾರಿ ಜಾಲಿಯೊಳಗೆ ಬಿದ್ದ ವಿಮಾನ ತರಲು ಹೋದವನ ಕಾಲಿಗೆ ಮುಳ್ಳು ತಪ್ಪಿದ್ದಲ್ಲ. ಫೋಮಿನ ಚಕ್ರದಲ್ಲಿ ಮುರಿದ ಮುಳ್ಳನ್ನೂ ಅದೇ ತೆಗೆಯುತ್ತದೆ. ಇನ್ನೊಂದು, ದನ ಕಟ್ಟುವ ಗೂಟ ಮತ್ತು ಹಗ್ಗ. ಎಂಜಿನ್ ಚಾಲೂ ಮಾಡುವ ಮುಂಚೆ ಗೂಟ ಹೊಡೆದು ವಿಮಾನದ ಬಾಲದ ಕಡೆಗೆ ಹಗ್ಗ ಹಾಕುತ್ತೇವೆ. ಹತ್ತು ಇಂಚಿನ ಪ್ರೊಪೆಲ್ಲರ್ ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗುವಾಗ ಅದರ ತುದಿಯ ವೇಗ ಗಂಟೆಗೆ 475 ಕಿ.ಮೀ. ದಾಟುತ್ತದೆ. ಬೆರಳು ಕೊಟ್ಟರೆ ಬೆರಳು ಹೋಗುತ್ತದೆ. ಬ್ಯಾಟರಿ ವಿಮಾನದ್ದು ಇನ್ನೂ ಅಪಾಯ, ಸದ್ದಿಲ್ಲದೆ ಕುಳಿತಿದ್ದದ್ದು ರೇಡಿಯೊದ ಕಡ್ಡಿ ತಾಗಿದೊಡನೆ ತಿರುಗಿಬಿಡುತ್ತದೆ.

ಮುಚ್ಚಳದ ಒಳಗಿನ ಚೀಟಿ

ಇಡೀ ಪೆಟ್ಟಿಗೆಯಲ್ಲಿ ಬೆಲೆಯಿಲ್ಲದ್ದೂ ಬೆಲೆಬಾಳುವುದೂ ಒಂದೇ, ಮುಚ್ಚಳದ ಒಳಬದಿಗೆ ಅಂಟಿಸಿದ ಚೀಟಿ. ರೇಡಿಯೊದ ಕಡ್ಡಿಯನ್ನು ಬಲಕ್ಕೆ ತಳ್ಳಿದಾಗ ಬಲರೆಕ್ಕೆಯ ಪಟ್ಟಿ ಮೇಲೇಳುತ್ತದೆಯೇ? ಕಡ್ಡಿ ಹಿಂದಕ್ಕೆ ಎಳೆದಾಗ ಬಾಲದ ಪಟ್ಟಿ ಮೇಲೇಳುತ್ತದೆಯೇ? ರೇಡಿಯೊ ಆರಿಸಿದರೆ ಎಂಜಿನ್ ತಾನಾಗಿ ತಗ್ಗುತ್ತದೆಯೇ? ಇದನ್ನು ನೋಡುವಾಗ ಪ್ರೊಪೆಲ್ಲರ್ ಬಿಚ್ಚಿರಬೇಕು ಅಥವಾ ವಿಮಾನ ಗೂಟಕ್ಕೆ ಕಟ್ಟಿರಬೇಕು. ರೇಂಜ್ ಪರೀಕ್ಷೆಯ ಗುಂಡಿ ಒತ್ತಿ ಮೂವತ್ತು ಹೆಜ್ಜೆ ದೂರ ಹೋದರೂ ಪಟ್ಟಿಗಳು ಮಾತು ಕೇಳುತ್ತವೆಯೇ? ರೆಕ್ಕೆ ಬಿಗಿದ ರಬ್ಬರ್ ಬ್ಯಾಂಡುಗಳಲ್ಲಿ ಸೀಳು ಬಿಟ್ಟದ್ದು ಇದೆಯೇ? ಈ ಬಿಸಿಲಿಗೆ ಅವು ಬಲುಬೇಗ ಒಣಗುತ್ತವೆ. ಎಷ್ಟು ವರ್ಷ ಹಾರಿಸಿದವರೂ ಚೀಟಿ ಓದಿಯೇ ಹಾರಿಸಬೇಕು. ಬಾಯಿಪಾಠ ಬರುತ್ತದೆ ಎಂದು ಬಿಟ್ಟ ದಿನವೇ ಪಟ್ಟಿ ಉಲ್ಟಾ ಇರುತ್ತದೆ.

ಚೀಟಿಯ ಕೊನೆಗೆ ಗಾಳಿ ಇದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳನ್ನು ಜನ ಫ್ಯಾನು ಎನ್ನುತ್ತಾರೆ. ಆ ಫ್ಯಾನುಗಳು ಈ ಜಿಲ್ಲೆಗೆ ಸುಮ್ಮನೆ ಬಂದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿಯ ಗಾಳಿ ಹಗುರ ವಿಮಾನಕ್ಕೆ ಆಗಿಬರುವುದಿಲ್ಲ. ನವೆಂಬರಿನಿಂದ ಫೆಬ್ರವರಿ ತನಕ, ಬಿಸಿಲು ಏರುವ ಮುಂಚಿನ ಎರಡು ಮೂರು ಗಂಟೆ ಕಲಿಯುವವರಿಗೆ ಹೇಳಿಮಾಡಿಸಿದ ಹೊತ್ತು. ಒಂದು ಗಳಕ್ಕೆ ಕೆಂಪು ರಿಬ್ಬನ್ ಕಟ್ಟಿ ನೆಟ್ಟರೆ ಗಾಳಿಯ ದಿಕ್ಕು ಗೊತ್ತಾಗುತ್ತದೆ. ಏರಿಸುವುದು, ಇಳಿಸುವುದು ಎರಡೂ ಗಾಳಿಗೆ ಎದುರಾಗಿಯೇ. ಅದೇ ಗಳಕ್ಕೆ ಕೊಕ್ಕೆ ಕಟ್ಟಿದರೆ ತೆಂಗಿನ ಗರಿಯಲ್ಲಿ ಸಿಕ್ಕ ವಿಮಾನವನ್ನು ಇಳಿಸಲೂ ಆಗುತ್ತದೆ. ವಿದ್ಯುತ್ ತಂತಿಯ ಮೇಲೆ ಬಿದ್ದದ್ದಕ್ಕೆ ಮಾತ್ರ ಗಳ ಎತ್ತಬೇಡಿ, ಅದರ ಆಸೆ ಬಿಟ್ಟು ಲೈನ್‌ಮನ್‌ಗೆ ಹೇಳಿ.

ಕಾನೂನಿನ ಮಾತೂ ಇದೆ. 2021ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಡ್ರೋನ್ ನಿಯಮಗಳು ಮಾದರಿ ವಿಮಾನಗಳನ್ನೂ ಒಳಗೊಂಡಿವೆ. 25 ಕಿಲೋ ಮೀರದ, ಕಲಿಕೆ, ಸಂಶೋಧನೆ, ಮನರಂಜನೆಗಾಗಿ ಕಣ್ಣಳತೆಯಲ್ಲೇ ಹಾರಿಸುವ ವಿಮಾನ ಈ ವರ್ಗಕ್ಕೆ ಸೇರುತ್ತದೆ, ಅದಕ್ಕೆ ಟೈಪ್ ಸರ್ಟಿಫಿಕೇಟ್ ಬೇಕಿಲ್ಲ. ಹಾಗೆಂದು ಎಲ್ಲೆಂದರಲ್ಲಿ ಹಾರಿಸುವಂತಿಲ್ಲ. ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ಗುರುತಿಸಿದ ನಕ್ಷೆ ಡಿಜಿಟಲ್ ಸ್ಕೈ ತಾಣದಲ್ಲಿದೆ. ಹಸಿರು ವಲಯದಲ್ಲಿ 400 ಅಡಿ ಎತ್ತರದ ತನಕ ಹಾರಿಸಲು ಮೊದಲೇ ಅನುಮತಿ ಕೇಳಬೇಕಿಲ್ಲ. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತೆಯೇ ಇಲ್ಲ. ರಕ್ಷಣಾ ಪರೀಕ್ಷಾ ವಲಯ ಇರುವ ಜಿಲ್ಲೆಯವರು ನಾವು, ಉಳಿದವರಿಗಿಂತ ಎರಡರಷ್ಟು ಎಚ್ಚರ ಬೇಕು. ಪ್ರತಿ ಸಲ ಹೊರಡುವ ಮುಂಚೆ ಆ ನಕ್ಷೆ ನೋಡುವುದೂ ನಮ್ಮ ಚೀಟಿಯಲ್ಲಿದೆ, ಮೊದಲ ಸಾಲಿನಲ್ಲಿ.

ಎನ್‌ಸಿಸಿಯ ವಾಯುದಳದ ಕೆಡೆಟ್‌ಗಳಿಗೆ ಏರೋಮಾಡೆಲಿಂಗ್ ಕಲಿಸುವ ಪದ್ಧತಿ ಬಹಳ ಕಾಲದಿಂದ ಇದೆ. ಚಿತ್ರದುರ್ಗದಲ್ಲೂ ಚಳ್ಳಕೆರೆಯಲ್ಲೂ ಎಂಜಿನಿಯರಿಂಗ್ ಕಾಲೇಜುಗಳಿವೆ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಪ್ರೌಢಶಾಲೆಗಳಲ್ಲಿ ವಿಜ್ಞಾನದ ಮೇಷ್ಟ್ರುಗಳಿದ್ದಾರೆ, ಕೆಲಸ ಬಲ್ಲ ಬಡಗಿಗಳು ಪ್ರತಿ ಊರಲ್ಲೂ ಇದ್ದಾರೆ. ಪುಷ್ಪಕ್ ಇಳಿದದ್ದನ್ನು ಟಿವಿಯಲ್ಲಿ ನೋಡಿದ ಇಲ್ಲಿಯ ಮಕ್ಕಳು ಗುರುತ್ವ ಕೇಂದ್ರವನ್ನು ಪುಸ್ತಕದ ಚಿತ್ರದಲ್ಲಿ ಮಾತ್ರ ಕಾಣಬೇಕಾದ ಕಾರಣವಿಲ್ಲ. ವಿಮಾನ ಕೊಳ್ಳಲು ದುಡ್ಡಿಲ್ಲ ಎನ್ನುವ ಶಾಲೆಗಳಿಗೆ ನನ್ನ ಕೋರಿಕೆ ಇಷ್ಟೇ: ಈ ವರ್ಷ ಪೆಟ್ಟಿಗೆ ಮಾಡಿಸಿ. ಅಳತೆ ಹಿಡಿಯುವುದು, ಹಲಗೆ ಜೋಡಿಸುವುದು, ಫ್ಯೂಸು ಹಾಕುವುದು, ಚೀಟಿ ಬರೆಯುವುದು ಎಲ್ಲವನ್ನೂ ಮಕ್ಕಳ ಕೈಯಲ್ಲೇ ಮಾಡಿಸಿ. ಸನ್‌ಪ್ಯಾಕ್ ಹಾಳೆಯ ವಿಮಾನ ಮುಂದಿನ ವರ್ಷಕ್ಕಾಗಲಿ. ಶೇಂಗಾ ಹೊಲ ಖಾಲಿಯಾದ ಮೇಲೆ ಬಬ್ಬೂರಿನ ಕಡೆ ಬಂದರೆ ಗುರುತ್ವ ಕೇಂದ್ರ ನೋಡುವ ಕಡ್ಡಿಗಳನ್ನು ನಾವೇ ಕೊಯ್ದು ಕೊಡುತ್ತೇವೆ.